ಮದ್ರಾಸ್ ಐ ಇಳಿದ ಮೇಲೆ ಕಾಡಿಗೆ, ಐಲೈನರ್ ಯಾವಾಗಿಂದ ಹಚ್ಚಬಹುದು? ರಂಗಪ್ರವೇಶ ಹತ್ತಿರ ಇದೆ

ತಿಲ್ಲಾನ_ಜಯನಗರ

ಎಲ್ಲರಿಗೂ ನಮಸ್ಕಾರ. ಮಗಳಿಗೆ 16 ವರ್ಷ, ಭರತನಾಟ್ಯ ಕಲಿಯುತ್ತಿದ್ದಾಳೆ. ಇನ್ನು ಎರಡು ವಾರಕ್ಕೆ ಜೆ.ಸಿ. ರಸ್ತೆಯ ಎಡಿಎ ರಂಗಮಂದಿರದಲ್ಲಿ ರಂಗಪ್ರವೇಶ. ಈ ಹೊತ್ತಿಗೇ ಮದ್ರಾಸ್ ಐ ಬಂತು, ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಕಣ್ಣಿನ ಡಾಕ್ಟರು ವೈರಲ್ ಅಂತ ಹೇಳಿ ಲೂಬ್ರಿಕೆಂಟ್ ಹನಿಯ ಜೊತೆಗೆ ಒಂದು ಆಂಟಿಬಯಾಟಿಕ್ ಹನಿಯನ್ನೂ ಕೊಟ್ಟಿದ್ದರು. ಆಂಟಿಬಯಾಟಿಕ್ ಮುಗಿದಿದೆ. ಕೆಂಪು ಮುಕ್ಕಾಲುಪಾಲು ಇಳಿದಿದೆ, ನೀರು ಸುರಿಯೋದು ನಿಂತಿದೆ. ಆದರೆ ಬೆಳಗ್ಗೆ ಎದ್ದಾಗ ಮೂಲೆಯಲ್ಲಿ ಸ್ವಲ್ಪ ಪಿಸುರು ಇರುತ್ತೆ.

ಈ ಶನಿವಾರ ಆಹ್ವಾನ ಪತ್ರಿಕೆಯ ಫೋಟೋಶೂಟ್ ಇದೆ, ಪೂರ್ತಿ ಮೇಕಪ್ ಬೇಕು ಅಂತಿದ್ದಾರೆ. ಹಚ್ಚಬಹುದಾ? ಮನೆಯಲ್ಲಿರುವ ಕಾಜಲ್, ಮಸ್ಕಾರ, ಐಶ್ಯಾಡೋ ಪ್ಯಾಲೆಟ್‌ನಲ್ಲಿ ಯಾವುದನ್ನು ಎಸೀಬೇಕು, ಯಾವುದನ್ನು ಇಟ್ಟುಕೊಳ್ಳಬಹುದು? ಕಾರ್ಯಕ್ರಮದ ದಿನ ಮೇಕಪ್‌ನವರು ಹೊರಗಿಂದ ಬರ್ತಾರೆ, ಅವರದೇ ಸಾಮಾನು. ಅವರಿಗೆ ಏನಂತ ಹೇಳಬೇಕು?

ದೃಷ್ಟಿಫಲಕ

ಶನಿವಾರದ ಫೋಟೋಶೂಟ್‌ಗೆ ಕಣ್ಣಿನ ಮೇಕಪ್ ಬೇಡ, ಮೇಡಂ. ಬೆಳಗ್ಗೆ ಪಿಸುರು ಕಾಣ್ತಾ ಇದೆ ಅಂದರೆ ಕಣ್ಣು ಇನ್ನೂ ವಾಸಿಯಾಗುತ್ತಾ ಇದೆ, ವಾಸಿಯಾಗಿಲ್ಲ. ಫೋಟೋವನ್ನು ಮುಂದಕ್ಕೆ ಹಾಕಿ. ಆಗಲ್ಲ ಅಂದರೆ ಮುಖಕ್ಕೆ, ಹುಬ್ಬಿಗೆ, ತುಟಿಗೆ ಮಾತ್ರ ಬಣ್ಣ ಹಚ್ಚಿಸಿ, ಕಣ್ಣಿನ ಗೆರೆಯನ್ನು ಫೋಟೋಗ್ರಾಫರ್ ಕಂಪ್ಯೂಟರಿನಲ್ಲಿ ಎಳೆದುಕೊಡ್ತಾರೆ.

ಸಾಮಾನ್ಯವಾಗಿ ಜನ ಕ್ಯಾಲೆಂಡರ್ ನೋಡ್ತಾರೆ, "ವಾರ ಆಯ್ತಲ್ಲ" ಅಂತ. ವೈರಲ್ ಮದ್ರಾಸ್ ಐ ಹೆಚ್ಚಾಗಿ ಅಡಿನೋವೈರಸ್‌ನಿಂದ ಬರೋದು. ಮೊದಲ 4-5 ದಿನ ಜೋರಾಗುತ್ತಾ ಹೋಗಿ, ಪೂರ್ತಿ ಇಳಿಯೋಕೆ ಒಂದರಿಂದ ಎರಡು ವಾರ, ಕೆಲವರಿಗೆ ಮೂರು ವಾರವೂ ಹಿಡಿಯುತ್ತೆ. ಆಂಟಿಬಯಾಟಿಕ್ ಹನಿ ಈ ವೈರಸ್‌ಗೆ ಏನೂ ಮಾಡಲ್ಲ, ಹಾಗಾಗಿ ಹನಿ ಮುಗಿದ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬ್ಯಾಕ್ಟೀರಿಯಾದಿಂದ ಬಂದದ್ದಾದರೆ ಲೆಕ್ಕ ಬೇರೆ: ದಪ್ಪ ಹಳದಿ ಕೀವು ಇರುತ್ತೆ, ಹನಿ ಶುರುವಾದ ಒಂದೆರಡು ದಿನದಲ್ಲೇ ಹತೋಟಿಗೆ ಬರುತ್ತೆ. ಅಲ್ಲೂ ಡಾಕ್ಟರು ಹೇಳಿದಷ್ಟು ದಿನ ಹನಿ ಪೂರ್ತಿ ಹಾಕಬೇಕು.

ಕಣ್ಣು ಸಿದ್ಧವಾಗಿದೆಯಾ ಅಂತ ಮನೆಯಲ್ಲೇ ನೋಡುವ ರೀತಿ ಹೇಳ್ತೀನಿ. ಬೆಳಗ್ಗೆ ಮುಖ ತೊಳೆಯೋ ಮೊದಲು ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರಿಸಿ. ಟ್ಯೂಬ್‌ಲೈಟ್‌ನಲ್ಲಿ ತಿಳಿಗೆಂಪು ಕಾಣಲ್ಲ. ರೆಪ್ಪೆಗೂದಲಿನ ಬುಡದಲ್ಲಿ ಒಣಗಿದ ಪುಡಿ, ಅಂಟು ಇದೆಯಾ ನೋಡಿ. ಕೈಯನ್ನು ಸೋಪಿನಲ್ಲಿ ತೊಳೆದು, ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆ ಜಗ್ಗಿ ಒಳಭಾಗದ ಬಣ್ಣ ನೋಡಿ. ತಿಳಿ ಗುಲಾಬಿ ಇರಬೇಕು. ಮಾಂಸದ ಹಾಗೆ ಕೆಂಪಗಿದ್ದರೆ, ಸಣ್ಣ ಸಣ್ಣ ಗುಳ್ಳೆ ಎದ್ದಿದ್ದರೆ ಉರಿಯೂತ ಇನ್ನೂ ಇದೆ. ನೋಡಿ ಆದ ಮೇಲೆ ಮತ್ತೆ ಕೈ ತೊಳೀರಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರ್ ಓದಿಸಿ, ಕನ್ನಡಕ ಇದ್ದರೆ ಹಾಕಿಕೊಂಡೇ. ಎರಡೂ ಕಣ್ಣಿಗೂ ಮೊದಲಿನ ಹಾಗೇ ಕಾಣಬೇಕು. ದೀಪದ ಸುತ್ತ ಹೊಳಪು ಹರಡಿದ ಹಾಗೆ, ಮಂಜು ಮಂಜಾಗಿ ಕಂಡರೆ ಮೇಕಪ್ ಮಾತು ಬಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ಅಡಿನೋವೈರಸ್ ಆದ ಮೇಲೆ ಕೆಲವರಿಗೆ ಕಾರ್ನಿಯಾದ (ಕರಿಗುಡ್ಡೆಯ ಮುಂದಿನ ಪಾರದರ್ಶಕ ಪೊರೆ) ಮೇಲೆ ಸಣ್ಣ ಬಿಳಿ ಚುಕ್ಕೆಗಳು ಉಳಿದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಡುತ್ತವೆ. ಅದನ್ನು ಡಾಕ್ಟರು ಸ್ಲಿಟ್‌ಲ್ಯಾಂಪ್‌ನಲ್ಲಿ (ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರ) ನೋಡಿಯೇ ಹೇಳಬೇಕು.

ಪಿಸುರು, ಕೆಂಪು, ತುರಿಕೆ, ಬೆಳಕಿಗೆ ಚುಚ್ಚೋದು, ಈ ನಾಲ್ಕೂ ಇಲ್ಲದೆ ಸತತವಾಗಿ ಮೂರು ಬೆಳಗು ಕಳೆಯಲಿ. ಆಮೇಲೆ ಶುರು ಮಾಡಿ. ಮೂರು ದಿನ ಅನ್ನೋದು ನನ್ನ ಅಭಿಪ್ರಾಯದಲ್ಲಿ ಕನಿಷ್ಠ. ಪೂರ್ತಿ ಒಂದು ವಾರ ಬಿಡಿ ಅನ್ನೋ ಡಾಕ್ಟರೂ ಇದ್ದಾರೆ. ನಿಮ್ಮ ಡಾಕ್ಟರು ಹಾಗೆ ಹೇಳಿದ್ದರೆ ಅವರ ಮಾತೇ ಮೇಲು.

ಶುರು ಮಾಡುವಾಗಲೂ ಎಲ್ಲವನ್ನೂ ಒಟ್ಟಿಗೆ ಹಚ್ಚಬಾರದು. ಮೊದಲ ದಿನ ಮೇಲಿನ ರೆಪ್ಪೆಗೆ ಹೊರಗಡೆಯಿಂದ ಮಾತ್ರ ಐಲೈನರ್, ಮೂರು ನಾಲ್ಕು ಗಂಟೆ ಇಟ್ಟು ತೆಗೀರಿ. ಮಾರನೇ ದಿನ ಏನೂ ಬೇಡ, ಕಣ್ಣು ಹೇಗಿದೆ ನೋಡಿ. ಸರಿ ಇದ್ದರೆ ಅದರ ಮಾರನೇ ದಿನ ಮಸ್ಕಾರ ಸೇರಿಸಿ. ಒಂದೊಂದೇ ಸೇರಿಸಿದರೆ ಯಾವುದು ಕಣ್ಣಿಗೆ ಆಗಲಿಲ್ಲ ಅನ್ನೋದು ಗೊತ್ತಾಗುತ್ತೆ. ಎಲ್ಲವನ್ನೂ ಒಂದೇ ದಿನ ಹಚ್ಚಿ ಕಣ್ಣು ಕೆಂಪಾದರೆ ಸೋಂಕು ಮರಳಿತಾ, ಅಲರ್ಜಿಯಾ, ಯಾವುದರಿಂದ ಅಂತ ಯಾರಿಗೂ ಹೇಳೋಕೆ ಬರಲ್ಲ.

ಕೆಳರೆಪ್ಪೆಯ ಒಳಅಂಚು ಇದೆಯಲ್ಲ, ಕೂದಲಿಗೂ ಕಣ್ಣುಗುಡ್ಡೆಗೂ ನಡುವೆ ಒದ್ದೆಯಾಗಿರುವ ಗೆರೆ, ಅಲ್ಲಿಗೆ ಕಾಡಿಗೆ ಎಲ್ಲಕ್ಕಿಂತ ಕೊನೆಗೆ. ಪ್ರತಿ ರೆಪ್ಪೆಯಲ್ಲೂ 20ಕ್ಕಿಂತ ಹೆಚ್ಚು ಎಣ್ಣೆಗ್ರಂಥಿಗಳ ಬಾಯಿ ತೆರೆಯೋದು ಆ ಅಂಚಿನಲ್ಲೇ. ಮೇಣ ಮತ್ತು ಮಸಿ ಅಲ್ಲಿ ಕೂತರೆ ಬಾಯಿ ಕಟ್ಟಿಕೊಳ್ಳುತ್ತೆ, ಕಣ್ಣೀರು ಬೇಗ ಒಣಗುತ್ತೆ, ಕುರು ಏಳೋಕೆ ದಾರಿಯಾಗುತ್ತೆ. ಈಗಷ್ಟೇ ಚೇತರಿಸಿಕೊಂಡ ಕಣ್ಣಿಗೆ ಇದು ಬೇಕಿಲ್ಲ. ನಿಮ್ಮ ಮಗಳಿಗೆ ರಂಗಪ್ರವೇಶದ ದಿನವೂ ಬೇಡ ಅನ್ನೋದು ನನ್ನ ಸಲಹೆ.

ಬಣ್ಣದಪೆಟ್ಟಿಗೆ

ಮೇಲಿನವರು ಕಣ್ಣಿನ ವಿಷಯ ಹೇಳಿದ್ದಾರೆ, ನಾನು ಸಾಮಾನಿನ ವಿಷಯ ಹೇಳ್ತೀನಿ.

ಎಸೆಯಬೇಕಾದ್ದು: ಮಸ್ಕಾರ, ಲಿಕ್ವಿಡ್ ಮತ್ತು ಜೆಲ್ ಐಲೈನರ್, ತಿರುಗಿಸೋ ಕಾಜಲ್, ಡಬ್ಬಿ ಕಾಡಿಗೆ, ಕ್ರೀಮ್ ಐಶ್ಯಾಡೋ, ಕೃತಕ ರೆಪ್ಪೆ, ಸ್ಪಂಜು, ಪ್ಯಾಲೆಟ್ ಜೊತೆ ಬಂದ ಸ್ಪಂಜಿನ ಕಡ್ಡಿ. ಕಣ್ಣು ಕೆಂಪಾದ ಮೇಲೆ ಬಳಸಿದ್ದು ಮಾತ್ರ ಅಲ್ಲ, ಅದಕ್ಕೆ ಹಿಂದಿನ ವಾರ ಬಳಸಿದ್ದನ್ನೂ ಎಸೀರಿ. ಲಕ್ಷಣ ಕಾಣೋಕೆ ಮೊದಲೇ ವೈರಸ್ ಒಳಗೆ ಬಂದಿರುತ್ತೆ. ಮಸ್ಕಾರ ಎಷ್ಟೇ ದುಬಾರಿ ಆಗಿರಲಿ ಉಳಿಸೋಕೆ ದಾರಿ ಇಲ್ಲ: ಕಡ್ಡಿ ರೆಪ್ಪೆಗೆ ತಾಗಿ ಮತ್ತೆ ಒದ್ದೆ ಕೊಳವೆಗೇ ಹೋಗುತ್ತೆ, ಒಳಗೆ ಕತ್ತಲು, ತೇವ, ಗಾಳಿಯಾಡಲ್ಲ. ಕಾಯಿಲೆ ಇಲ್ಲದವರೂ ಮಸ್ಕಾರವನ್ನು ಮೂರು ತಿಂಗಳಿಗೆ ಬದಲಾಯಿಸಬೇಕು ಅನ್ನೋದು ಅದಕ್ಕೇ. ಅಮ್ಮ, ಮಗಳು ಒಂದೇ ಕಾಜಲ್ ಬಳಸ್ತಿದ್ದರೆ ನೀವೂ ಆ ಕಾಜಲ್ ಮುಟ್ಟಬೇಡಿ.

ಕಣ್ಣಿನ ಸಣ್ಣ ಬ್ರಷ್‌ಗಳನ್ನು ಹೊಸದಾಗಿ ತಗೊಳ್ಳಿ. ಮುಖಕ್ಕೆ ಬಳಸೋ ದೊಡ್ಡ ಬ್ರಷ್‌ಗಳನ್ನು ತೊಳೆದು ಇಟ್ಟುಕೊಳ್ಳಬಹುದು. ಅಂಗೈಗೆ ಎರಡು ಹನಿ ಶಾಂಪೂ ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ಕೂದಲು ಕೆಳಮುಖ ಮಾಡಿ ಸುತ್ತಿಸಿ, ನೀರು ತಿಳಿಯಾಗೋವರೆಗೂ. ನೀರು ತಗಡಿನ ಪಟ್ಟಿಯೊಳಗೆ ಹೋದರೆ ಅಂಟು ಬಿಟ್ಟು ಕೂದಲು ಉದುರುತ್ತೆ, ಒಳಗೆ ತೇವ ನಿಂತು ಬೂಸು ಹಿಡಿಯುತ್ತೆ. ಮೇಜಿನ ಅಂಚಿಗೆ ಕೂದಲು ಹೊರಚಾಚುವ ಹಾಗೆ ಅಡ್ಡಡ್ಡ ಮಲಗಿಸಿ ಒಣಗಿಸಿ. ಬೆಂಗಳೂರಿನ ಮಳೆಗಾಲದಲ್ಲಿ ದಪ್ಪ ಬ್ರಷ್ ಒಂದು ರಾತ್ರಿಗೆ ಒಣಗಲ್ಲ, ಫ್ಯಾನ್ ಕೆಳಗೆ ಇಡಿ. ಹುಬ್ಬಿನ ಚಿಮಟ, ರೆಪ್ಪೆ ಬಾಗಿಸೋ ಕರ್ಲರ್‌ನ ಸ್ಟೀಲ್ ಭಾಗ ಹತ್ತು ನಿಮಿಷ ಕುದಿಯೋ ನೀರಿನಲ್ಲಿರಲಿ. ಕರ್ಲರ್‌ನ ರಬ್ಬರ್ ಪಟ್ಟಿ ತೆಗೆದೆಸೆದು ಹೊಸದು ಹಾಕಿ.

ಈಗ ಮುಖ್ಯವಾದದ್ದು, ಗ್ರೀನ್‌ರೂಮ್. ನೃತ್ಯದ ಮೇಕಪ್‌ನಲ್ಲಿ ಒಂದು ಬಟ್ಟಲು ನೀರು ಇರುತ್ತೆ, ಪ್ಯಾನ್‌ಕೇಕ್ (ಮುಖಕ್ಕೆ ಹಚ್ಚೋ ಗಟ್ಟಿ ಬಣ್ಣ) ಕಲಸೋಕೆ. ಸ್ಪಂಜನ್ನು ಅದರಲ್ಲಿ ಅದ್ದಿ, ಹಿಂಡಿ, ಬಣ್ಣ ತಗೊಂಡು ಮುಖಕ್ಕೆ ಒತ್ತಿ, ಕಣ್ಣಿನ ಕೆಳಗೂ ಒತ್ತಿ, ಮತ್ತೆ ಅದೇ ನೀರಿಗೆ. ಇವತ್ತು ಬೆಳಗ್ಗೆ ಬೇರೆ ಶಾಲೆಯ ಮಕ್ಕಳಿಗೆ ಹಚ್ಚಿದ ಅದೇ ಸ್ಪಂಜು ಸಂಜೆ ನಿಮ್ಮ ಮಗಳ ಮುಖಕ್ಕೆ ಬರಬಹುದು. ಐಲೈನರ್ ಬ್ರಷ್ ಬಾಯಲ್ಲಿಟ್ಟು ಮೊನೆ ಮಾಡೋರೂ ಇದ್ದಾರೆ. ನಿಮ್ಮ ಮಗಳಿಂದ ಬೇರೆಯವರಿಗೆ ಹೋಗಬಾರದು, ಬೇರೆಯವರಿಂದ ಇವಳಿಗೆ ಬರಬಾರದು. ಹಾಗಾಗಿ ಇವಳ ಸಾಮಾನು ಇವಳಿಗೇ ಬೇರೆ.

ಒಂದು ಜಿಪ್ ಚೀಲದಲ್ಲಿ ಇಷ್ಟು ಹಾಕಿಟ್ಟುಕೊಳ್ಳಿ: ಎರಡು ಹೊಸ ಸ್ಪಂಜು, ಒಂದು ಸಣ್ಣ ಸ್ಟೀಲ್ ಬಟ್ಟಲು, ಸೀಲ್ ಒಡೆಯದ ಕಪ್ಪು ಲಿಕ್ವಿಡ್ ಐಲೈನರ್, ಹೊಸ ಮಸ್ಕಾರ, ಎರಡು ಸಣ್ಣ ಬ್ರಷ್, ಹತ್ತಿ ಬಿಲ್ಲೆಗಳು, ಟಿಶ್ಯೂ, ಹುಬ್ಬಿಗೆ ಹೊಸ ಪೆನ್ಸಿಲ್ ಮತ್ತು ಅದಕ್ಕೇ ಬೇರೆ ಶಾರ್ಪನರ್. ಮೇಕಪ್‌ನವರ ಪ್ಯಾನ್‌ಕೇಕ್ ಬಣ್ಣವೇ ಬೇಕಾದರೆ, ಡಬ್ಬಿಯ ಮೇಲಿನ ಪದರವನ್ನು ಸ್ಪ್ಯಾಚುಲಾದಲ್ಲಿ ಕೆರೆದು ತೆಗೆದು, ಒಳಗಿನದನ್ನು ಬೇರೆ ತಟ್ಟೆಗೆ ಹಾಕಿಕೊಡಲಿ. ಹಿಂದಿನ ದಿನವೇ ಫೋನ್ ಮಾಡಿ ನೇರವಾಗಿ ಹೇಳಿ: "ಮಗುಗೆ ಮದ್ರಾಸ್ ಐ ಬಂದು ಹೋಗಿದೆ, ನಮ್ಮದೇ ಸಾಮಾನು ತರ್ತೀವಿ, ಇವಳನ್ನ ಮೊದಲು ಕೂರಿಸಿ, ಕೈ ತೊಳ್ಕೊಂಡು ಶುರು ಮಾಡಿ." ಕಸುಬು ಬಲ್ಲವರು ಬೇಜಾರು ಮಾಡ್ಕೊಳ್ಳಲ್ಲ.

ಗೆರೆ ಎಳೆಯೋ ರೀತಿಗೆ ಬರೋಣ. ಮೇಲಿನ ಗೆರೆ ದಪ್ಪಗೆ, ಕೂದಲಿನ ಬುಡದ ಹೊರಗಿಂದ ಹಣೆಯ ಪಕ್ಕದವರೆಗೆ ಬಾಲ ಎಳೆದು. ಕೆಳಗಿನ ಗೆರೆಯನ್ನು ಕೂದಲಿನ ಬುಡಕ್ಕಿಂತ ಒಂದೆರಡು ಮಿಲಿಮೀಟರ್ ಕೆಳಗೆ, ಚರ್ಮದ ಮೇಲೆ ಎಳೆದು ಹೊರಮೂಲೆಯಲ್ಲಿ ಮೇಲಿನ ಬಾಲಕ್ಕೆ ಸಮಾನಾಂತರವಾಗಿ ಬಿಡಿ. ಎರಡು ಗೆರೆಗಳ ನಡುವೆ ಚರ್ಮದ ಬಣ್ಣ ಉಳಿಯೋದರಿಂದ ರಂಗದ ಬೆಳಕಲ್ಲಿ ಕಣ್ಣು ಇನ್ನೂ ಅಗಲವಾಗಿ ಕಾಣುತ್ತೆ. ಒಳಅಂಚು ಕಪ್ಪಗಿಲ್ಲ ಅಂತ ಮೊದಲ ಸಾಲಿನಲ್ಲಿ ಕೂತವರಿಗೂ ಗೊತ್ತಾಗಲ್ಲ. ದೃಷ್ಟಿಭೇದಕ್ಕೂ (ನೃತ್ಯದ ಕಣ್ಣಿನ ಚಲನೆಗಳಿಗೂ) ಏನೂ ಕೊರತೆಯಾಗಲ್ಲ.

ಮಿಂಚಿನ ಪುಡಿ ರೆಪ್ಪೆಗೆ ಬೇಡವೇ ಬೇಡ. ಅದು ಉದುರಿ ಕಣ್ಣೊಳಗೆ ಬಿದ್ದರೆ ಕಾರ್ನಿಯಾ ಕೆರೆಯುತ್ತೆ. ಕೃತಕ ರೆಪ್ಪೆಯೂ ಈ ಸಲ ಬೇಡ. ಅಂಟಿನ ಆವಿಗೇ ಹೊಸದಾಗಿ ವಾಸಿಯಾದ ಕಣ್ಣಲ್ಲಿ ನೀರು ಬರುತ್ತೆ, ನೀರು ಬಂದರೆ ಲೈನರ್ ಕರಗಿ ಒಳಗೆ ಇಳಿಯುತ್ತೆ. ಕಾರ್ಯಕ್ರಮದ ನಡುವೆ ಬೆವರು ಒರೆಸೋಕೆ ಟಿಶ್ಯೂ ಮೂಲೆ ಮಡಚಿ ಒತ್ತಿ, ಉಜ್ಜಬೇಡಿ, ಪ್ರತಿ ಸಲ ಹೊಸದು. ಎಲ್ಲರಿಗೂ ಒಂದೇ ಟವೆಲ್ ಇಟ್ಟಿರ್ತಾರೆ, ಅದರ ಹತ್ತಿರ ಹೋಗಬೇಡಿ.

ಸಂಪಿಗೆರಸ್ತೆ

ಮೆಡಿಕಲ್ ಶಾಪ್ ಕಡೆಯಿಂದ ಮೂರು ಮಾತು.

ಒಂದು, ಬೇಗ ಕೆಂಪು ಇಳಿಯಲಿ ಅಂತ ಅಂಗಡಿಗೆ ಹೋಗಿ "ಮದ್ರಾಸ್ ಐಗೆ ಡ್ರಾಪ್ಸ್ ಕೊಡಿ" ಅಂತ ಕೇಳಿ ತರಬೇಡಿ. ಕೆಂಪು ಥಟ್ಟನೆ ಇಳಿಸೋ ಹನಿಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಬೆರೆತಿರಬಹುದು. ಕಣ್ಣಲ್ಲಿರೋದು ಹರ್ಪಿಸ್ ವೈರಸ್ ಆಗಿದ್ದರೆ ಸ್ಟೀರಾಯ್ಡ್‌ನಿಂದ ಕಾರ್ನಿಯಾ ಹುಣ್ಣು ಜಾಸ್ತಿಯಾಗುತ್ತೆ, ಬಹಳ ದಿನ ಹಾಕಿದರೆ ಕಣ್ಣಿನ ಒತ್ತಡ ಏರುತ್ತೆ. ಡಾಕ್ಟರು ನೋಡಿ ಕೊಟ್ಟರೆ ಮಾತ್ರ ಹಾಕಬೇಕು, ಅವರು ಹೇಳಿದ ಹಾಗೇ ನಿಲ್ಲಿಸಬೇಕು.

ಎರಡು, ಕಾಯಿಲೆಯಲ್ಲಿ ಬಳಸಿದ ಹನಿಯ ಬಾಟಲಿಯನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಬೇಡಿ. ಬಹುತೇಕ ಹನಿಗಳಿಗೆ ತೆರೆದ ಮೇಲೆ ನಾಲ್ಕು ವಾರವೇ ಆಯಸ್ಸು, ಲೇಬಲ್ ಮೇಲೆ ಬರೆದಿರುತ್ತೆ. ಬಾಟಲಿಯ ಮೂತಿ ರೆಪ್ಪೆಗೆ ತಾಗಿದ್ದರೆ ಅಷ್ಟು ದಿನವೂ ಇಲ್ಲ. ಲೂಬ್ರಿಕೆಂಟ್ ಮುಂದುವರಿಸೋದಿದ್ದರೆ ಹೊಸ ಬಾಟಲಿ ತೆಗೀರಿ.

ಮೂರು, ಹ್ಯಾಂಡ್ ಸ್ಯಾನಿಟೈಸರ್ ನಂಬಿಕೊಂಡು ಕೂರಬೇಡಿ. ಅಡಿನೋವೈರಸ್‌ಗೆ ಹೊರಗಿನ ಕೊಬ್ಬಿನ ಪೊರೆ ಇಲ್ಲ, ಆಲ್ಕೋಹಾಲ್ ಅದರ ಮೇಲೆ ಭರವಸೆ ಇಡುವಷ್ಟು ಕೆಲಸ ಮಾಡಲ್ಲ. ಒಣಗಿದ ಪ್ಲಾಸ್ಟಿಕ್, ಲೋಹದ ಮೇಲೆ ವಾರಗಟ್ಟಲೆ ಉಳಿಯಬಲ್ಲದು. ಕೈಯನ್ನು ಸೋಪು ನೀರಲ್ಲಿ 20 ಸೆಕೆಂಡ್ ತಿಕ್ಕಿ ತೊಳೆಯೋದೇ ವಾಸಿ. ಮೇಕಪ್ ಡಬ್ಬಿ, ಕನ್ನಡಿಯ ಹಿಡಿ, ಪ್ಲಾಸ್ಟಿಕ್ ಟ್ರೇಗೆ ಮನೆಯ ಬ್ಲೀಚ್ ಒಂದು ಪಾಲು, ನೀರು ಒಂಬತ್ತು ಪಾಲು ಬೆರೆಸಿ ಒರೆಸಿ, ಹತ್ತು ನಿಮಿಷ ಬಿಟ್ಟು ನೀರಲ್ಲಿ ತೊಳೆದು ಒಣಗಿಸಿ. ಕಿಟಕಿ ತೆಗೆದಿರಲಿ, ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್ ಬೆರೆಸಬೇಡಿ. ಬ್ರಷ್‌ನ ಕೂದಲಿಗೆ ಇದು ಬೇಡ. ದಿಂಬಿನ ಕವರ್, ಮುಖದ ಟವೆಲ್ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ.

ಕುಂಚ_ಬಸವನಗುಡಿ

ಪೆನ್ಸಿಲ್ ಕಾಜಲ್ ಎಸೆಯೋ ಅಗತ್ಯ ಇಲ್ಲ ಅನ್ಸುತ್ತೆ. ಶಾರ್ಪನರ್‌ನಲ್ಲಿ ಎರಡು ಸುತ್ತು ತಿರುಗಿಸಿ ಮೇಲಿನ ಪದರ ತೆಗೆದರೆ ಸಾಕಲ್ವಾ?

ಬಣ್ಣದಪೆಟ್ಟಿಗೆ

ಆರೋಗ್ಯವಾಗಿರುವಾಗ ಅದು ಒಳ್ಳೆಯ ಅಭ್ಯಾಸ, ಪ್ರತಿ ಸಲ ಹಚ್ಚೋ ಮೊದಲು ತಿರುಗಿಸಿ. ಸೋಂಕಿನ ಸಮಯದಲ್ಲಿ ಬಳಸಿದ ಪೆನ್ಸಿಲ್‌ಗೆ ಸಾಲದು. ಶಾರ್ಪ್ ಮಾಡುವಾಗ ಹಳೆಯ ಮೊನೆಯ ಮೇಣ ಬ್ಲೇಡಿಗೆ ಮೆತ್ತಿಕೊಳ್ಳುತ್ತೆ, ಹೊಸ ಮೊನೆ ಅದೇ ಬ್ಲೇಡ್‌ನ ಮೇಲೆ ಜಾರಿ ಹೊರಗೆ ಬರುತ್ತೆ. ಮುಚ್ಚಳದ ಒಳಗೂ ಅದೇ ಮೇಣ ಮೆತ್ತಿರುತ್ತೆ. ಪೆನ್ಸಿಲ್, ಮುಚ್ಚಳ, ಶಾರ್ಪನರ್ ಮೂರೂ ಒಟ್ಟಿಗೆ ಹೋಗಲಿ.

ತಿಲ್ಲಾನ_ಜಯನಗರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೋಟೋಶೂಟ್ ಮುಂದಕ್ಕೆ ಹಾಕಿಸಿದೆ. ಇನ್ನು ಮೂರು ಅನುಮಾನ. ಐಶ್ಯಾಡೋ ಪ್ಯಾಲೆಟ್ ಪುಡಿಯದ್ದು, ಅದು ಉಳಿಯುತ್ತಾ? ನಮ್ಮ ಅತ್ತೆ ಹರಳೆಣ್ಣೆ ದೀಪದ ಮಸಿ ಹಿಡಿದು ತುಪ್ಪದಲ್ಲಿ ಕಲಸಿ ಹೊಸದಾಗಿ ಕಾಡಿಗೆ ಮಾಡಿಕೊಡ್ತೀನಿ, ಕಣ್ಣಿಗೆ ತಂಪು ಅಂತಾರೆ. ನಂದಿಬಟ್ಟಲು ಹೂವಿನ ನೀರನ್ನೂ ಬಿಡಿ ಅಂತಾರೆ. ಕೊನೆಯದಾಗಿ, ಮಗಳಿಗೆ ಮೈನಸ್ 3 ಇದೆ, ವೇದಿಕೆಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕ್ತಾಳೆ.

ಬಣ್ಣದಪೆಟ್ಟಿಗೆ

ಪುಡಿ ಪ್ಯಾಲೆಟ್: ಕಣ್ಣು ಕೆಂಪಿದ್ದಾಗ ಅಥವಾ ಹಿಂದಿನ ವಾರ ಬ್ರಷ್ ಅದ್ದಿದ್ದರೆ ಎಸೀರಿ. ಒದ್ದೆ ಬ್ರಷ್ ಅದ್ದಿದ್ದರಂತೂ ಎರಡನೇ ಯೋಚನೆ ಬೇಡ. ಅದಕ್ಕಿಂತ ಮುಂಚಿನಿಂದಲೂ ಮುಟ್ಟದೆ ಮುಚ್ಚಿಟ್ಟಿದ್ದರೆ ಮೇಲಿನ ಪದರ ಟಿಶ್ಯೂನಲ್ಲಿ ಕೆರೆದು, ಡಬ್ಬಿಯ ಹೊರಗೆ ಒರೆಸಿ, ಹೊಸ ಬ್ರಷ್‌ನಲ್ಲಿ ಬಳಸಬಹುದು.

ಹೊಸದು ಕೊಳ್ಳುವಾಗ ಗಾಂಧಿ ಬಜಾರ್ ಆಗಲಿ ಮಲ್ಲೇಶ್ವರ 8ನೇ ಕ್ರಾಸ್ ಆಗಲಿ, ಸೀಲ್ ಇದೆಯಾ, ಬ್ಯಾಚ್ ನಂಬರ್ ಮತ್ತು ತಯಾರಾದ ತಿಂಗಳು ಅಚ್ಚಾಗಿದೆಯಾ ನೋಡಿ. ತೆರೆದ ಡಬ್ಬಿಯ ಚಿತ್ರದೊಳಗೆ "6ಎಂ" ಅಂತಿದ್ದರೆ ತೆರೆದ ಮೇಲೆ ಆರು ತಿಂಗಳು ಅಂತ ಅರ್ಥ. ಹೆಸರಾಂತ ಬ್ರ್ಯಾಂಡ್ ಅರ್ಧ ಬೆಲೆಗೆ ಸಿಕ್ಕರೆ ನಕಲಿ ಇರಬಹುದು, ಕಣ್ಣಿಗೆ ಹಚ್ಚಬೇಡಿ. ಅಂಗಡಿಯ ಟೆಸ್ಟರ್ ಅನ್ನು ಕೈಮೇಲೆ ಗೀಚಿ ನೋಡಿ, ಕಣ್ಣ ಹತ್ತಿರ ತರಬೇಡಿ. ವಾಟರ್‌ಪ್ರೂಫ್ ಬೇಡ ಅಂದರೆ ವೇದಿಕೆಗೆ ಕಷ್ಟ, ಹಾಗಾಗಿ ಲೈನರ್ ಮಾತ್ರ ವಾಟರ್‌ಪ್ರೂಫ್ ಇರಲಿ, ಮಸ್ಕಾರ ನೀರಲ್ಲಿ ಹೋಗುವಂಥದ್ದು ತಗೊಳ್ಳಿ.

ತೆಗೆಯೋದು ಹೇಳಿಬಿಡ್ತೀನಿ, ಎಡವಟ್ಟು ಆಗೋದು ಹೆಚ್ಚಾಗಿ ಅಲ್ಲೇ. ಸುಸ್ತಾಗಿ ಬಂದು ತೆಂಗಿನೆಣ್ಣೆ ಸುರಿದು ಗಸಗಸ ಉಜ್ಜುತ್ತಾರೆ, ಎಣ್ಣೆ ಜೊತೆ ಮಸಿ ಎಲ್ಲ ಕಣ್ಣೊಳಗೆ. ಹಾಗಲ್ಲ. ಹತ್ತಿ ಬಿಲ್ಲೆಗೆ ರಿಮೂವರ್ ಹಾಕಿ, ಹನಿ ಬೀಳದಷ್ಟು ಹಿಂಡಿ, ಮುಚ್ಚಿದ ರೆಪ್ಪೆ ಮೇಲೆ 20 ಸೆಕೆಂಡ್ ಸುಮ್ಮನೆ ಇಡಿ. ಬಣ್ಣ ಸಡಿಲವಾದ ಮೇಲೆ ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೀರಿ. ಬಿಲ್ಲೆ ಬದಲಾಯಿಸಿ. ಬಲಗಣ್ಣಿನದು ಎಡಗಣ್ಣಿಗೆ ಬೇಡ. ಕೊನೆಗೆ ಮೃದು ಫೇಸ್‌ವಾಶ್. ರಾತ್ರಿ ಎಷ್ಟೇ ಹೊತ್ತಾಗಲಿ, ಹಚ್ಚಿಕೊಂಡೇ ಮಲಗಬಾರದು.

ಸಂಪಿಗೆರಸ್ತೆ

ಅತ್ತೆಯವರ ಕಾಡಿಗೆ ಪ್ರೀತಿಯಿಂದ ಮಾಡಿದ್ದೇ ಇರಲಿ, ಈಗ ಬೇಡ ಅಂತ ಮೆಲ್ಲಗೆ ಹೇಳಿ. ಅದರಲ್ಲಿ ಸೀಸ ಇರಲ್ಲ ನಿಜ (ಸೀಸದ ಭಯ ಇರೋದು ಸುರ್ಮಾದಲ್ಲಿ, ಅದನ್ನು ಸೀಸದ ಸಲ್ಫೈಡ್ ಕಲ್ಲಿನ ಪುಡಿಯಿಂದ ಮಾಡಿರಬಹುದು). ಆದರೆ ತುಪ್ಪ, ಮಸಿ, ಕೈಬೆರಳು, ಡಬ್ಬಿ ಯಾವುದೂ ಸ್ಟೆರೈಲ್ ಅಲ್ಲ, ಕೆಡದಂತೆ ಕಾಯೋ ಪ್ರಿಸರ್ವೇಟಿವ್ ಕೂಡ ಇಲ್ಲ. ಹಚ್ಚೋದೂ ನೇರವಾಗಿ ಒಳಅಂಚಿಗೆ. ನಂದಿಬಟ್ಟಲು ಹೂವಿನ ನೀರು, ಪನ್ನೀರು, ಜೇನು, ಎದೆಹಾಲು ಯಾವುದನ್ನೂ ಕಣ್ಣೊಳಗೆ ಬಿಡಬೇಡಿ. ತಂಪು ಬೇಕಿದ್ದರೆ ಕುದಿಸಿ ಆರಿಸಿದ ನೀರಿನಲ್ಲಿ ಒಗೆದ ಬಟ್ಟೆ ಅದ್ದಿ, ಮುಚ್ಚಿದ ಕಣ್ಣಿನ ಮೇಲೆ ಐದು ನಿಮಿಷ ಇಡಿ, ಒಂದೊಂದು ಕಣ್ಣಿಗೆ ಬೇರೆ ಬಟ್ಟೆ.

ದೃಷ್ಟಿಫಲಕ

ಲೆನ್ಸ್ ವಿಷಯ ಮೊದಲೇ ಹೇಳಿದ್ದರೆ ನಾನು ಅಲ್ಲಿಂದಲೇ ಶುರು ಮಾಡ್ತಿದ್ದೆ, ಮೇಡಂ. ಲೆನ್ಸ್ ಹಾಕುವವರಿಗೆ ಕಾರ್ನಿಯಾ ಸೋಂಕಿನ ಅಪಾಯ ಉಳಿದವರಿಗಿಂತ ಹೆಚ್ಚು. ಹಾಗಾಗಿ ಇದನ್ನು ನೀವೇ ತೀರ್ಮಾನ ಮಾಡಬೇಡಿ, ಡಾಕ್ಟರು ಒಮ್ಮೆ ಸ್ಲಿಟ್‌ಲ್ಯಾಂಪ್‌ನಲ್ಲಿ ನೋಡಿ "ಕಾರ್ನಿಯಾ ಸ್ವಚ್ಛ" ಅಂದ ಮೇಲೆ ಹಾಕಿ. ಹಳೆಯ ಲೆನ್ಸ್, ಡಬ್ಬಿ, ತೆರೆದ ದ್ರಾವಣ ಎಲ್ಲ ಎಸೆದು, ಈ ಸಲಕ್ಕೆ ದಿನಕ್ಕೊಂದರಂತೆ ಎಸೆಯುವ ಲೆನ್ಸ್ ತಗೊಳ್ಳಿ. ಪ್ರಾಕ್ಟೀಸ್‌ಗೆಲ್ಲ ಕನ್ನಡಕವೇ ಸಾಕು. ಡಾಕ್ಟರು ಒಪ್ಪಿದ ಮೇಲೆ ಮೊದಲು ಲೆನ್ಸ್ ಮಾತ್ರ ಎರಡು ದಿನ, ದಿನಕ್ಕೆ ಮೂರು ನಾಲ್ಕು ಗಂಟೆ, ಮೇಕಪ್ ಇಲ್ಲದೆ. ಲೆನ್ಸ್ ಮತ್ತು ಮೇಕಪ್ ಎರಡನ್ನೂ ಒಂದೇ ದಿನ ಹೊಸದಾಗಿ ಶುರು ಮಾಡಬೇಡಿ.

ಕಾರ್ಯಕ್ರಮದ ದಿನ ಕೈ ತೊಳೆದು ಒರೆಸಿ ಮೊದಲು ಲೆನ್ಸ್, ಆಮೇಲೆ ಮೇಕಪ್. ಮುಗಿದ ಮೇಲೆ ಮೊದಲು ಲೆನ್ಸ್ ತೆಗೆದು ಎಸೆದು, ಆಮೇಲೆ ಮೇಕಪ್ ತೆಗೆಯೋದು. ಗ್ರೀನ್‌ರೂಮ್‌ನಲ್ಲಿ ಲೆನ್ಸ್ ಕೆಳಗೆ ಬಿದ್ದರೆ ನಲ್ಲಿ ನೀರಲ್ಲಿ ತೊಳೆದು ಹಾಕಬೇಡಿ. ಕಾವೇರಿ ನೀರಾಗಲಿ, ಬೋರ್‌ವೆಲ್ ಆಗಲಿ, ಫಿಲ್ಟರ್ ನೀರೇ ಆಗಲಿ, ಅದರಲ್ಲಿ ಅಕಾಂತಮೀಬಾ ಅನ್ನೋ ಸೂಕ್ಷ್ಮಜೀವಿ ಇರಬಹುದು, ಅದು ಕಾರ್ನಿಯಾಗೆ ಹತ್ತಿದರೆ ವಾಸಿ ಮಾಡೋದು ಬಹಳ ಕಷ್ಟ. ಇನ್ನೊಂದು ಜೊತೆ ಲೆನ್ಸ್ ಕೈಚೀಲದಲ್ಲಿರಲಿ.

ಡಾಕ್ಟರು ಲೆನ್ಸ್ ಬೇಡ ಅಂದರೂ ನೃತ್ಯ ನಿಲ್ಲಬೇಕಿಲ್ಲ. ಮೈನಸ್ 3ಕ್ಕೆ ಸಭಿಕರ ಮುಖ ಮಸುಕಾಗುತ್ತೆ ಅಷ್ಟೇ, ವೇದಿಕೆ, ನಟರಾಜನ ವಿಗ್ರಹ ಎಲ್ಲಿದೆ ಅನ್ನೋದು ತಿಳಿಯುತ್ತೆ. ಈಗಿನಿಂದಲೇ ಕನ್ನಡಕ ತೆಗೆದು ಪ್ರಾಕ್ಟೀಸ್ ಮಾಡಿಸಿ. ವೇದಿಕೆಯ ಮುಂಅಂಚಿನಿಂದ ಎರಡು ಅಡಿ ಒಳಗೆ ಉದ್ದಕ್ಕೂ ಅಗಲವಾದ ಬಿಳಿ ಟೇಪ್ ಅಂಟಿಸಿಕೊಳ್ಳೋಕೆ ರಂಗಮಂದಿರದವರ ಒಪ್ಪಿಗೆ ಕೇಳಿ, ಅದನ್ನು ದಾಟಬಾರದು ಅಂತ ರಿಹರ್ಸಲ್‌ನಲ್ಲೇ ರೂಢಿಯಾಗಲಿ.

ಮೇಕಪ್ ಮತ್ತೆ ಶುರು ಮಾಡಿದ ಮೇಲೆ ಬರೀ ತುರಿಕೆ, ತಿಳಿಗೆಂಪು ಕಂಡರೆ ಎಲ್ಲ ತೆಗೆದು ಎರಡು ದಿನ ನೋಡಿ. ನೋವು, ಬೆಳಕು ನೋಡೋಕಾಗದೆ ಕಣ್ಣು ಮುಚ್ಚಿಕೊಳ್ಳೋದು, ದೃಷ್ಟಿ ಮಂಜಾಗೋದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ತೋರಿಸಿ. ನಿಮ್ಮ ಡಾಕ್ಟರು ಸಿಗದಿದ್ದರೆ ಚಾಮರಾಜಪೇಟೆಯ ಮಿಂಟೋ ಕಣ್ಣಾಸ್ಪತ್ರೆ ಇದೆ. ಹೋಗುವಾಗ ಹಾಕಿದ ಹನಿಗಳ ಬಾಟಲಿಗಳನ್ನೂ, ಆಗ ಕಣ್ಣಲ್ಲಿದ್ದ ಲೆನ್ಸನ್ನು ಎಸೆಯದೆ ಅದನ್ನೂ ತಗೊಂಡು ಹೋಗಿ, ಬೇಕಾದರೆ ಆ ಲೆನ್ಸನ್ನೇ ಕಲ್ಚರ್‌ಗೆ (ಯಾವ ರೋಗಾಣು ಅಂತ ನೋಡುವ ಲ್ಯಾಬ್ ಪರೀಕ್ಷೆ) ಕಳಿಸ್ತಾರೆ.